ಒಂದು ಬೆಲ್ಟಿನ ವಂಶಾವಳಿ

1963ರಲ್ಲಿ ಬ್ರೆಜಿಲ್ಲಿನ ರಿಯೊ ಡಿ ಜನೈರೊದಲ್ಲಿ ಒಂದು ಭಾರೀ ಕುಸ್ತಿ ಪಂದ್ಯಾವಳಿ ನಡೆಯಿತು. ಬಡ್ಡಿ ರಾಜರ್ಸ್ ಎಂಬ ಅಮೆರಿಕದ ಹೊಂಗೂದಲ ಪೈಲ್ವಾನ ಫೈನಲ್‌ನಲ್ಲಿ ಆಂಟೊನಿನೊ ರೊಕ್ಕಾ ಎಂಬ ಮಹಾಮಲ್ಲನನ್ನು ಕೆಡವಿ ವಿಶ್ವ ಚಾಂಪಿಯನ್ ಆದ. ಆ ಫೈನಲ್ಲಿನ ಒಂದು ಫೋಟೊ ಇಲ್ಲ, ಹರಿದ ಟಿಕೆಟ್ಟಿನ ಚೂರಿಲ್ಲ, ನೋಡಿ ಬಂದೆನೆಂದು ಹೇಳುವ ಒಬ್ಬ ಬ್ರೆಜಿಲಿಯನ್ನನೂ ಇಲ್ಲ. ಇರುವುದಾದರೂ ಹೇಗೆ? ಅಂಥ ಪಂದ್ಯಾವಳಿಯೇ ನಡೆದಿರಲಿಲ್ಲ.

ನಡೆದದ್ದಿಷ್ಟು. ವಿನ್ಸೆಂಟ್ ಜೆ. ಮೆಕ್‌ಮಹನ್, ಟೂಟ್ಸ್ ಮಾಂಟ್ ಎಂಬ ಇಬ್ಬರು ಪ್ರೊಮೋಟರುಗಳು ಅಮೆರಿಕದ ಕುಸ್ತಿ ಒಕ್ಕೂಟದ ಜೊತೆ ಮನಸ್ತಾಪ ಮಾಡಿಕೊಂಡು ಬೇರೆ ಮನೆ ಮಾಡಿದರು. ಬೇರೆ ಮನೆ ಅಂದಮೇಲೆ ಬೇರೆ ಒಲೆ ಬೇಕು, ಬೇರೆ ದೇವರು ಬೇಕು, ಬೇರೆ ವಿಶ್ವ ಚಾಂಪಿಯನ್ನೂ ಬೇಕು. ಒಕ್ಕೂಟದ ಪಟ್ಟವನ್ನು ಆ ಜನವರಿಯಲ್ಲಷ್ಟೇ ಟೊರೊಂಟೊದಲ್ಲಿ ಲೂ ಥೆಜ್‌ಗೆ ಸೋತು ಕೂತಿದ್ದ ರಾಜರ್ಸ್‌ನನ್ನು ಕರೆತಂದು ಪಟ್ಟ ಕಟ್ಟಿದರು. ಎಲ್ಲಿ ಗೆದ್ದ ಎಂದು ಯಾರಾದರೂ ಕೇಳಿದರೆ ಹೇಳಲಿಕ್ಕೊಂದು ಊರು ಬೇಕಲ್ಲ? ರಿಯೊ ಸಾಕಷ್ಟು ದೂರವಿತ್ತು, ಕೇಳಲಿಕ್ಕೆ ಇಂಪಾಗಿಯೂ ಇತ್ತು. ಸುಳ್ಳು ಹೇಳುವವನಿಗೆ ಭೂಗೋಳ ಚೆನ್ನಾಗಿ ಗೊತ್ತಿರಬೇಕು. ಹದಿನಾರು ವರ್ಷ ಕಳೆದು 1979ರಲ್ಲಿ ಇನ್ನೊಂದು ಹೊಸ ಬೆಲ್ಟನ್ನು ಪ್ಯಾಟ್ ಪ್ಯಾಟರ್ಸನ್ ಎಂಬವನಿಗೆ ಕಟ್ಟುವಾಗಲೂ ಅದೇ ರಿಯೊ, ಅದೇ ನಡೆಯದ ಪಂದ್ಯಾವಳಿ. ಹೊಸ ಊರು ಹುಡುಕುವಷ್ಟು ಶ್ರಮವನ್ನೂ ಯಾರೂ ತೆಗೆದುಕೊಳ್ಳಲಿಲ್ಲ.

ಇವತ್ತು ಡಬ್ಲ್ಯುಡಬ್ಲ್ಯುಇ ಚಾಂಪಿಯನ್‌ಶಿಪ್ ಎಂದು ಕರೆಸಿಕೊಳ್ಳುವ ಪಟ್ಟದ ಮೂಲ ಇದು. ಆಗಿನ ಸಂಸ್ಥೆಯ ಹೆಸರಿನಲ್ಲಿ ಮೂರು ಡಬ್ಲ್ಯು ಇದ್ದವು: ಡಬ್ಲ್ಯುಡಬ್ಲ್ಯುಡಬ್ಲ್ಯುಎಫ್. ಉದ್ಘೋಷಕ ಇದನ್ನು ಪೂರ್ತಿ ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪಟ್ಟ ಕೈ ಬದಲಾಯಿಸಿಬಿಟ್ಟಿತ್ತು. 1963ರ ಮೇ 17ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬ್ರೂನೊ ಸಮ್ಮಾರ್ಟಿನೊ ಎಂಬವನು ರಾಜರ್ಸ್‌ನನ್ನು ಸೋಲಿಸಲು ತೆಗೆದುಕೊಂಡದ್ದು 48 ಸೆಕೆಂಡು.

ಪಟ್ಟ ಸುಳ್ಳಿನಲ್ಲಿ ಹುಟ್ಟಿದ್ದಿರಬಹುದು, ಈ ಬ್ರೂನೊ ಮಾತ್ರ ಅಪ್ಪಟ. ಇಟಲಿಯ ಪಿಜ್ಜೊಫೆರಾಟೊ ಎಂಬ ಬೆಟ್ಟದೂರಿನ ಹುಡುಗ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಊರಿಗೆ ನುಗ್ಗಿದಾಗ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ ಹತ್ತಿ ಅಡಗಿದಳು. ರಾತ್ರಿ ಹೊತ್ತು ಕಣ್ಣು ತಪ್ಪಿಸಿ ಊರಿಗಿಳಿದು ತನ್ನ ಮನೆಯಲ್ಲೇ ಕದ್ದು ತಿನ್ನಲು ಏನಾದರೂ ತರುತ್ತಿದ್ದಳು. 1950ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿಗೆ ಬಂದಿಳಿದಾಗ ಈತ ಶಾಲೆಯ ಹುಡುಗರಿಂದ ಒದೆ ತಿನ್ನುವ ನರಪೇತಲ. ಮುಂದೆ ಭಾರ ಎತ್ತಿ ಎತ್ತಿ ಮೈ ಮಾಡಿದ. ಬೆಲ್ಟು ಕಟ್ಟಿಕೊಂಡ ಮೇಲೆ ಏಳು ವರ್ಷ ಎಂಟು ತಿಂಗಳು ಬಿಚ್ಚಲಿಲ್ಲ. ಲೆಕ್ಕ ಬರೆದಿಟ್ಟವರ ಪ್ರಕಾರ 2,803 ದಿನ. ನಮ್ಮ ಮುಖ್ಯಮಂತ್ರಿಗಳ ಪಟ್ಟಿಯ ಪಕ್ಕ ಈ ಸಂಖ್ಯೆಯನ್ನಿಟ್ಟು ನೋಡಬೇಡಿ, ಬೇಜಾರಾಗುತ್ತದೆ.

1971ರ ಜನವರಿ 18. ಅದೇ ಗಾರ್ಡನ್. ಎದುರಾಳಿ 'ರಷ್ಯನ್ ಕರಡಿ' ಇವಾನ್ ಕೊಲೊಫ್, ಅಸಲಿಗೆ ಕೆನಡಾದವನು. ಹಗ್ಗದ ಮೇಲಿನಿಂದ ಹಾರಿ ಮಂಡಿಯೂರಿದ, ರೆಫರಿ ಮೂರು ಎಣಿಸಿದ, ಬ್ರೂನೊ ಸೋತ. ಸೋಲುವುದು ಬ್ರೂನೊಗೆ ಮೊದಲೇ ಗೊತ್ತಿತ್ತು, ದಣಿದಿದ್ದೇನೆ ಬಿಡಿಸಿ ಎಂದು ಕೇಳಿಕೊಂಡವನೇ ಅವನು. ಆದರೆ ಮೂರು ಎಣಿಸಿದ ಮೇಲೆ ಅವನಿಗೆ ಏನೂ ಕೇಳಿಸಲಿಲ್ಲ. ಬಿದ್ದ ಪೆಟ್ಟಿಗೆ ಕಿವಿಯೇ ಹೋಯಿತೇನೋ ಎಂದು ಗಾಬರಿಯಾಯಿತಂತೆ. ಕಿವಿ ಸರಿಯಾಗಿಯೇ ಇತ್ತು. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಬ್ಬರೂ ಉಸಿರೆತ್ತಿರಲಿಲ್ಲ. ಆಮೇಲೆ ಅಳು ಶುರುವಾಯಿತು. ಗೆದ್ದವನ ಕೈಗೆ ರಿಂಗಿನಲ್ಲಿ ಬೆಲ್ಟು ಕೊಟ್ಟರೆ ಜನ ಅವನನ್ನು ಜೀವಸಹಿತ ಬಿಡುವುದಿಲ್ಲವೆಂದು ಹೆದರಿ, ಕೊಡದೆಯೇ ಒಳಗೆ ಸಾಗಿಸಿದರು.

ಅತ್ತವರಿಗೆಲ್ಲ ಇದು ಬರೆದಿಟ್ಟ ಆಟವೆಂಬುದು ಗೊತ್ತೇ ಇರಲಿಲ್ಲ ಎಂದು ನಾನು ನಂಬಲಾರೆ. ಅಮೆರಿಕದ ಪತ್ರಿಕೆಗಳು ಆ ಸಂಶಯವನ್ನು ದಶಕಗಳಿಂದ ಬರೆಯುತ್ತಲೇ ಇದ್ದವು. ಗೊತ್ತಿದ್ದೂ ಅತ್ತರು. ಈ ಬೆಲ್ಟಿನ ವಂಶಾವಳಿ ಬಿಡಿಸಿಕೊಂಡು ಕೂತಾಗಲೆಲ್ಲ ನನ್ನ ಬೆರಳು ಹೋಗಿ ನಿಲ್ಲುವುದು ಇಂಥ ಜಾಗಗಳಲ್ಲೇ. ಒಂದೋ, ಬರೆದಿಟ್ಟದ್ದೇ ನಡೆದರೂ ನಡೆಸಿದವರ ಎದೆಯೇ ಧಸಕ್ಕೆಂದ ಜಾಗ. ಇಲ್ಲವೇ, ಬರೆದದ್ದೊಂದು ನಡೆದದ್ದೊಂದು ಆದ ಜಾಗ.

ನಮಗೆ, ಅಂದರೆ ತೊಂಬತ್ತರ ದಶಕದ ಮೈಸೂರಿನ ಹುಡುಗರಿಗೆ, ಈ ಚರಿತ್ರೆ ಯಾವುದೂ ತಿಳಿದಿರಲಿಲ್ಲ. ಕೇಬಲ್ಲು ಆಗಷ್ಟೇ ಬಂದಿತ್ತು. ಬೀದಿಗೆ ಒಂದೆರಡು ಮನೆ, ಆ ಮನೆಯ ಹುಡುಗನೇ ಬೀದಿಯ ದೊರೆ. ನಮ್ಮ ಪಠ್ಯಪುಸ್ತಕ ಎಂದರೆ ಡಬ್ಲ್ಯುಡಬ್ಲ್ಯುಎಫ್ ಕಾರ್ಡುಗಳು: ಅಂಗಡಿಯಲ್ಲಿ ಕೊಂಡ ರಟ್ಟಿನ ಪುಟ್ಟ ಕಟ್ಟು, ಪ್ರತಿ ಕಾರ್ಡಿನಲ್ಲಿ ಒಬ್ಬ ಪೈಲ್ವಾನ, ಕೆಳಗೆ ರ‍್ಯಾಂಕು, ಎತ್ತರ, ತೂಕ, ಎದೆ, ಬೈಸೆಪ್ಸು, ಆಡಿದ ಪಂದ್ಯ, ಗೆದ್ದ ಪಂದ್ಯ. ಹದಿನೇಳರ ಮಗ್ಗಿ ಬಾರದವನಿಗೂ ಯೊಕೊಜುನಾನ ತೂಕ ಬರುತ್ತಿತ್ತು. ಅಂಡರ್‌ಟೇಕರ್ ಏಳು ಸಲ ಸತ್ತು ಹುಟ್ಟಿದವನೆಂಬ ಬಗ್ಗೆ ನಮ್ಮಲ್ಲಿ ಎರಡು ಮಾತಿರಲಿಲ್ಲ. 1996ರಲ್ಲಿ ಅಕ್ಷಯ್ ಕುಮಾರ್ ಸಿನಿಮಾವೊಂದರಲ್ಲಿ ಆ ಅಂಡರ್‌ಟೇಕರ್‌ನನ್ನು ಎತ್ತಿ ಒಗೆದ ಮೇಲಂತೂ ಕೆಲವರು ಪಕ್ಷಾಂತರ ಮಾಡಿದರು. ಸಿನಿಮಾದಲ್ಲಿದ್ದವನು ಬ್ರಯಾನ್ ಲೀ ಎಂಬ ಬೇರೆ ಕುಸ್ತಿಪಟು ಎಂದು ತಿಳಿಯುವಷ್ಟರಲ್ಲಿ ನಮಗೆಲ್ಲ ಮೀಸೆ ಬಂದಿತ್ತು.

"ಇದು ನಿಜವೋ ನಾಟಕವೋ" ಎಂಬ ಜಗಳ ಬೀದಿಯಲ್ಲಿ ದಿನಾ ನಡೆಯುತ್ತಿತ್ತು. ಕ್ರಿಕೆಟ್ ಬ್ಯಾಟು ಮುರಿದದ್ದೂ ಉಂಟು. ಇದರಲ್ಲಿ ನಗು ಬರುವ ಸಂಗತಿಯೆಂದರೆ, ಆ ಮೊಕದ್ದಮೆ ನಾವು ಜಗಳ ಶುರು ಮಾಡುವ ಮೊದಲೇ ಇತ್ಯರ್ಥವಾಗಿತ್ತು. 1989ರಲ್ಲಿ ಮೆಕ್‌ಮಹನ್‌ನ ಮಗ ವಿನ್ಸ್‌ನ ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಕೂತು, ಸ್ವಾಮಿ ಇದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿದ್ದರು. ಕ್ರೀಡೆ ಎಂದರೆ ಸರ್ಕಾರದ ಕ್ರೀಡಾ ಆಯೋಗದ ಹಿಡಿತ, ಲೈಸೆನ್ಸು, ತೆರಿಗೆ. ನಾಟಕ ಎಂದರೆ ಅದ್ಯಾವುದೂ ಇಲ್ಲ. ದಶಕಗಳ ಕಾಲ ಕಾಪಾಡಿಕೊಂಡು ಬಂದ ಗುಟ್ಟನ್ನು ತೆರಿಗೆ ಉಳಿಸಲು ಬಿಟ್ಟುಕೊಟ್ಟರು. ಯಾವ ವ್ಯಾಪಾರಿಯೂ ಮಾಡುವ ಕೆಲಸವೇ. ಸುದ್ದಿ ನಮ್ಮ ಬೀದಿಗೆ ತಲುಪಲಿಲ್ಲ, ಅಷ್ಟೆ.

ಅದಕ್ಕೂ ಎರಡು ವರ್ಷ ಹಿಂದೆ, 1987ರಲ್ಲಿ, ಅದೇ ನ್ಯೂಜೆರ್ಸಿಯ ಪೊಲೀಸರು ಒಂದು ಕಾರು ತಡೆದರು. ಒಳಗೆ ಐರನ್ ಶೇಖ್ ಮತ್ತು ಜಿಮ್ ಡಗ್ಗನ್. ಟೀವಿಯಲ್ಲಿ ಒಬ್ಬ ಇರಾನಿನ ಬಾವುಟ ಹಿಡಿದ ದ್ರೋಹಿ, ಇನ್ನೊಬ್ಬ ಅಮೆರಿಕದ ಬಾವುಟ ಹಿಡಿದ ದೇಶಭಕ್ತ. ರಿಂಗಿನಲ್ಲಿ ಒಬ್ಬರನ್ನೊಬ್ಬರು ಮುಗಿಸಿಬಿಡುವ ಶಪಥ ಮಾಡಿದವರು. ಕಾರಿನಲ್ಲಿ ಪೆಟ್ರೋಲ್ ಖರ್ಚು ಹಂಚಿಕೊಂಡು ಮುಂದಿನ ಊರಿಗೆ ಹೊರಟಿದ್ದರೋ ಏನೋ. ಮಾದಕವಸ್ತು ಸಿಕ್ಕಿತು, ಇಬ್ಬರ ಕೆಲಸವೂ ಹೋಯಿತು. ವಸ್ತು ಇಟ್ಟುಕೊಂಡದ್ದಕ್ಕಿಂತ ಒಟ್ಟಿಗೆ ಕೂತದ್ದೇ ದೊಡ್ಡ ಅಪರಾಧವಾಯಿತೆಂದು ಕಾಣುತ್ತದೆ.

ನಮ್ಮ ಜಗಳಕ್ಕೆ ಪಂಚಾಯ್ತಿದಾರರಾಗಿದ್ದವರು ದೊಡ್ಡಪ್ಪ. ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿ, ಮಟ್ಟಿಯಲ್ಲಿ ಉರುಳಿ, ದಸರಾ ಕುಸ್ತಿಗೆ ಜೋಡಿ ಕಟ್ಟಿಸಿಕೊಂಡಿದ್ದ ಆಸಾಮಿ. ಅವರ ಎಡಗಿವಿ ಮಡಚಿಕೊಂಡು ಗಟ್ಟಿಯಾಗಿತ್ತು. ಅದನ್ನು ಮುಟ್ಟಿ ನೋಡಲು ಬಿಡುವುದು ಅವರು ನಮಗೆ ಕೊಡುತ್ತಿದ್ದ ಬಹುಮಾನ. ಕುರ್ಚಿಯನ್ನು ಗೋಡೆಗೆ ಒರಗಿಸಿ, ಪಂಚೆ ಮಡಚಿ, ಟೀವಿಗೆ ಅರ್ಧ ಬೆನ್ನು ಹಾಕಿ ಕೂರುವರು, ನೋಡುತ್ತಿಲ್ಲ ಎಂಬಂತೆ. ಆದರೆ ಅರ್ಧ ಗಂಟೆಯಲ್ಲಿ ಕುರ್ಚಿ ತಾನಾಗಿ ತಿರುಗಿರುತ್ತಿತ್ತು.

"ಏನೋ ಇದು? ಇಷ್ಟೊತ್ತು ಹೊಡೆದಾಡಿದ್ರೂ ಅವನ ಮೈ ಮೇಲೆ ಒಂದು ಹಿಡಿ ಮಣ್ಣಿಲ್ವಲ್ಲೋ!"

"ದೊಡ್ಡಪ್ಪಾ, ಅಲ್ಲಿ ಮಣ್ಣಿರಲ್ಲ."

"ಮಣ್ಣಿಲ್ದೆ ಎಂಥ ಕುಸ್ತಿಯೋ. ಗಾಮಾ ನೋಡಿದ್ರೆ ನಗ್ತಿದ್ದ."

ಗರಡಿಯ ಗೋಡೆಯ ಮೇಲೆ ಹನುಮಂತನ ಪಕ್ಕ ಗಾಮಾನ ಫೋಟೊ ಇತ್ತಂತೆ. ಗಾಮಾನ ಕಥೆಯನ್ನು ದೊಡ್ಡಪ್ಪ ಹೇಳುತ್ತಿದ್ದುದು ಒಂದೇ ರೀತಿ. ಅಮೃತಸರದ ಕಡೆಯ ಗುಲಾಂ ಮಹಮ್ಮದ್ 1910ರಲ್ಲಿ ಲಂಡನ್ನಿಗೆ ಹೋದ. ಗಿಡ್ಡನೆಂದು ಪಂದ್ಯಾವಳಿಗೇ ಸೇರಿಸಿಕೊಳ್ಳಲಿಲ್ಲ. ಸವಾಲು ಹಾಕಿದ, ಬಂದವರನ್ನೆಲ್ಲ ಚಿತ್ ಮಾಡಿದ. ಕೊನೆಗೆ ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಷ್ಕೊ ಎಂಬ ದಢೂತಿ ಎದುರಿಗೆ ಬಂದ. ಗಾಮಾ ಒಂದೇ ನಿಮಿಷದಲ್ಲಿ ಅವನನ್ನು ಕೆಳಕ್ಕೆ ತಂದ. ಝ್ಬಿಷ್ಕೊ ಕವುಚಿ ಮಲಗಿ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿದ. ಎರಡೂವರೆ ಗಂಟೆಗೂ ಮೇಲೆ ಹಾಗೆಯೇ ಮಲಗಿದ್ದ. ಕತ್ತಲಾಯಿತು, ಪಂದ್ಯ ನಿಲ್ಲಿಸಿದರು. ಮುಂದಿನ ಶನಿವಾರ ಮತ್ತೆ ಆಡಬೇಕಿತ್ತು, ಝ್ಬಿಷ್ಕೊ ಬರಲೇ ಇಲ್ಲ. 'ಜಾನ್ ಬುಲ್' ವಿಶ್ವ ಚಾಂಪಿಯನ್ ಬೆಲ್ಟು ಗಾಮಾಗೆ ಸಿಕ್ಕಿತು. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ಝ್ಬಿಷ್ಕೊಗೆ ಮಲಗಿಕೊಳ್ಳಲು ಪುರಸೊತ್ತೇ ಸಿಗಲಿಲ್ಲ, ಒಂದು ನಿಮಿಷದೊಳಗೆ ಬೆನ್ನು ಮಣ್ಣಿಗೆ ತಾಗಿತ್ತು. ಇಲ್ಲಿಗೆ ಬಂದಾಗ ದೊಡ್ಡಪ್ಪ ಅಂಗೈಯಿಂದ ತೊಡೆಗೊಂದು ಬಾರಿಸುವರು. ಪಕ್ಕದ ಕೋಣೆಯಿಂದ ದೊಡ್ಡಮ್ಮ "ಶುರುವಾಯ್ತು" ಎನ್ನುವರು.

ದೊಡ್ಡಪ್ಪನಿಗೆ ಗೊತ್ತಿಲ್ಲದ ಒಂದು ಅಧ್ಯಾಯ ಈ ಎರಡು ಪಂದ್ಯಗಳ ನಡುವೆ ಇದೆ. ಅದನ್ನು ನಾನು ಓದಿದ್ದು ಬಹಳ ತಡವಾಗಿ.

1920ರ ದಶಕದ ಅಮೆರಿಕದಲ್ಲಿ ವಿಶ್ವ ಪಟ್ಟ ಎಡ್ 'ಸ್ಟ್ರ್ಯಾಂಗ್ಲರ್' ಲೂಯಿಸ್ ಎಂಬವನ ಮುಷ್ಟಿಯಲ್ಲಿತ್ತು. ಅವನು, ಅವನ ಮ್ಯಾನೇಜರ್ ಬಿಲ್ಲಿ ಸ್ಯಾಂಡೊ, ಮತ್ತು ಮೇಲೆ ಹೇಳಿದ ಅದೇ ಟೂಟ್ಸ್ ಮಾಂಟ್. ಈ ಮೂವರೇ ಇವತ್ತಿನ ಕುಸ್ತಿ ತಮಾಷೆಯ ತ್ರಿಮೂರ್ತಿಗಳು. ನೆಲಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಒದ್ದಾಡುವ ನಿಜವಾದ ಕುಸ್ತಿ ನೋಡಿ ಜನ ಆಕಳಿಸತೊಡಗಿದ್ದರು (ಝ್ಬಿಷ್ಕೊನ ಲಂಡನ್ ಪಂದ್ಯ ನೆನೆಸಿಕೊಂಡರೆ ಆ ಜನರ ಮೇಲೆ ಸಿಟ್ಟು ಬರುವುದಿಲ್ಲ). ಇವರು ಅದಕ್ಕೆ ಹೊತ್ತಿನ ಮಿತಿ, ಹಾರಾಟ, ಎತ್ತಿ ಒಗೆಯುವುದು ಎಲ್ಲ ಸೇರಿಸಿದರು, ಗೆಲ್ಲುವವನನ್ನು ತಾವೇ ಗೊತ್ತುಮಾಡಿದರು. 1925ರ ಜನವರಿಯಲ್ಲಿ ಇವರಿಗೆ ಒಂದು ಯೋಚನೆ ಹೊಳೆಯಿತು. ನೆಬ್ರಾಸ್ಕಾದ ವೇಯ್ನ್ ಮನ್ ಎಂಬ ಫುಟ್‌ಬಾಲ್ ಆಟಗಾರ ಆರಡಿ ಮೀರಿದ ಆಳು, ಜನಪ್ರಿಯ. ಕುಸ್ತಿ ಬರುವುದಿಲ್ಲ, ಅದೊಂದೇ ಕೊರತೆ. ಬರಬೇಕಾದ ಅಗತ್ಯವೇನು? ಲೂಯಿಸ್ ಬೇಕೆಂದೇ ಅವನಿಗೆ ಸೋತ. ಕುಸ್ತಿ ಬಾರದವನೊಬ್ಬ ವಿಶ್ವ ಚಾಂಪಿಯನ್ ಆದ.

ಹೊಸ ಚಾಂಪಿಯನ್ನನ ಕಳೆ ಹೆಚ್ಚಿಸಲು ಹೆಸರುವಾಸಿ ಹಳಬನೊಬ್ಬ ಅವನಿಗೆ ಸೋಲಬೇಕಿತ್ತು. ಸಂಬಳಕ್ಕಿದ್ದವರಲ್ಲಿ ಆರಿಸಿದರು, ನಮ್ಮ ಝ್ಬಿಷ್ಕೊನನ್ನು. ನಲವತ್ತೈದರ ಆಸುಪಾಸು, ತಲೆ ಬೋಳು, ಹೊಟ್ಟೆ ಮುಂದೆ. ಏಪ್ರಿಲ್ 15, ಫಿಲಡೆಲ್ಫಿಯಾ. ಗಂಟೆ ಹೊಡೆಯಿತು. ಸೋಲಲು ಬಂದಿದ್ದ ಮುದುಕ ಸೋಲಲಿಲ್ಲ. ಎದುರಾಳಿ ಪ್ರೊಮೋಟರುಗಳ ಜೊತೆ ಒಳಗಿಂದೊಳಗೆ ಮಾತಾಡಿಕೊಂಡೇ ಬಂದಿದ್ದ. ಮನ್‌ನನ್ನು ಹಿಡಿದು ಕೆಡವಿ ಬೆನ್ನು ತಾಗಿಸಿದ. ರೆಫರಿ ಎಲ್ಲೋ ನೋಡಿದ. ಮತ್ತೆ ಕೆಡವಿದ. ರೆಫರಿಗೆ ಕಾಣಿಸಲಿಲ್ಲ. ಮತ್ತೆ. ಜನ ರೊಚ್ಚಿಗೆದ್ದರು. ಇನ್ನೂ ಕುರುಡನಾಗಿದ್ದರೆ ತನ್ನ ಬೆನ್ನೇ ನೆಲಕ್ಕೆ ತಾಗುತ್ತದೆಂದು ರೆಫರಿಗೆ ಹೊಳೆಯಿತು. ಕೈ ಎತ್ತಿದ. ಏಳು ವಾರ ಕಳೆಯುವುದರೊಳಗೆ ಝ್ಬಿಷ್ಕೊ ಪಟ್ಟವನ್ನು ಜೋ ಸ್ಟೆಚರ್‌ಗೆ, ಅಂದರೆ ಎದುರಾಳಿ ಪಾಳಯಕ್ಕೆ, ಮಾತಿನ ಪ್ರಕಾರ ಸೋತುಕೊಟ್ಟ. ನಾಟಕದೊಳಗೆ ನಿಜ ಆಡಿ ಕದ್ದದ್ದನ್ನು ಮತ್ತೆ ನಾಟಕ ಆಡಿಯೇ ತಲುಪಿಸಿದ.

ಎಂಥ ಮನುಷ್ಯ ನೋಡಿ! ನಿಜವಾದ ಕುಸ್ತಿಯಲ್ಲಿ ಗಾಮಾನ ಎದುರು ಎರಡೂವರೆ ಗಂಟೆ ಮಲಗಿದ್ದವನು, ಸುಳ್ಳು ಕುಸ್ತಿಯಲ್ಲಿ ಎದ್ದು ನಿಂತು ನಿಜವಾಗಿ ಆಡಿದ. ಇದನ್ನು ದೊಡ್ಡಪ್ಪನಿಗೆ ಹೇಳಬೇಕಿತ್ತು. ಹೇಳಿದ್ದರೆ ನಂಬುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಫಿಲಡೆಲ್ಫಿಯಾದ ಪಾಠವನ್ನು ಪ್ರೊಮೋಟರುಗಳು ಮರೆಯಲಿಲ್ಲ. 1948ರಲ್ಲಿ ಅಯೋವಾದ ವಾಟರ್‌ಲೂನಲ್ಲಿ ಕೆಲವರು ಸೇರಿ ಮೇಲೆ ಹೇಳಿದ ಆ ಒಕ್ಕೂಟ ಕಟ್ಟಿ, ಎಲ್ಲರಿಗೂ ಸೇರಿ ಒಬ್ಬನೇ ವಿಶ್ವ ಚಾಂಪಿಯನ್ ಎಂದು ಗೊತ್ತುಮಾಡಿದರು. ಮುಂದಿನ ವರ್ಷ ಆ ಪಟ್ಟ ಲೂ ಥೆಜ್‌ಗೆ ಹೋಯಿತು. ಚಪ್ಪಲಿ ಹೊಲೆಯುವವನ ಮಗ, ಲೂಯಿಸ್‌ನ ಶಿಷ್ಯ. ಅವನನ್ನು ಆರಿಸಿದ ಕಾರಣ ಚೆಂದ: ಯಾವನಾದರೂ ರಿಂಗಿನಲ್ಲಿ ಮಾತು ತಪ್ಪಿ ನಿಜವಾಗಿ ಆಡಲು ಬಂದರೆ ಥೆಜ್ ಅವನ ಕೈಕಾಲು ಮುರಿದು ಕೂರಿಸಬಲ್ಲವನಾಗಿದ್ದ. ನಾಟಕದ ಕಿರೀಟವನ್ನು ಕಾಯಲು ನಿಜವಾದ ಪೈಲ್ವಾನನೇ ಬೇಕಾದ. ಇನ್ನೂ ಒಂದು ಬಂದೋಬಸ್ತು ಮಾಡಿದರು. ಚಾಂಪಿಯನ್ ಆದವನು ಠೇವಣಿ ಕಟ್ಟಬೇಕು. ಮುಂದಿನ ದಿನಗಳಲ್ಲಿ ಅದು 25,000 ಡಾಲರ್. ಹೇಳಿದ ದಿನ ಹೇಳಿದವನಿಗೆ ಸೋತು ಬೆಲ್ಟು ಕೊಟ್ಟರೆ ಹಣ ವಾಪಸ್.

ಇದು ನಮ್ಮ ಕಡೆಯ ಹಳ್ಳಿಗಳ 'ಕುರುಕ್ಷೇತ್ರ' ನಾಟಕದ ಪದ್ಧತಿಯೇ. ಒಂದೊಂದು ಪಾತ್ರಕ್ಕೆ ಒಂದೊಂದು ದರ, ಪಾತ್ರ ಬೇಕಾದವನೇ ದುಡ್ಡು ಕಟ್ಟಬೇಕು, ಎಲ್ಲಕ್ಕಿಂತ ದುಬಾರಿ ದುರ್ಯೋಧನ. ಬೆಳಗಿನ ಜಾವಕ್ಕೆ ತೊಡೆ ಮುರಿಸಿಕೊಂಡು ಬೀಳುವುದು ಖಂಡಿತ ಎಂದು ಗೊತ್ತಿದ್ದೂ, ಎಮ್ಮೆ ಮಾರಿ ಆ ಪಾತ್ರ ಹಿಡಿದವರಿದ್ದಾರೆ. ಬೀಳುವ ತನಕ ಕಿರೀಟ ತನ್ನದಲ್ಲವೇ?

ರಿಕ್ ಫ್ಲೇರ್ ಅಂಥ ದುರ್ಯೋಧನ. ಹಕ್ಕಿಗರಿಯ ನಿಲುವಂಗಿ, ಬಾಯಿ ತೆಗೆದರೆ ಬಡಾಯಿ. 1986ರಲ್ಲಿ ನೆವಾಡದ ರೀನೊ ಊರಿನ ಬೆಳ್ಳಿ ಕೆಲಸಗಾರ ಚಾರ್ಲ್ಸ್ ಕ್ರಮ್‌ರೀನ್ ಮಾಡಿಕೊಟ್ಟ ಬಂಗಾರದ ಬಣ್ಣದ ಅಗಲ ಬೆಲ್ಟು ಇವನ ಸೊಂಟಕ್ಕೆ ಬಂತು. ಅಷ್ಟು ಅಂದದ ಬೆಲ್ಟನ್ನು ಆಮೇಲೆ ಯಾರೂ ಮಾಡಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. (2005ರಲ್ಲಿ ಜಾನ್ ಸೀನಾ ತಂದ, ನಡುವಿನ ಬಿಲ್ಲೆ ಗಿರಗಿರ ತಿರುಗುವ ಬೆಲ್ಟಿನ ಬಗ್ಗೆ ಏನೂ ಹೇಳದಿರುವುದೇ ಸಭ್ಯತೆ.) 1991ರಲ್ಲಿ ಫ್ಲೇರ್‌ಗೂ ಅವನ ಕಂಪನಿಯ ಮುಖ್ಯಸ್ಥನಿಗೂ ಜಟಾಪಟಿಯಾಗಿ ಅವನನ್ನು ಕೆಲಸದಿಂದ ತೆಗೆದರು. ಬೆಲ್ಟು ಕೊಡು ಅಂದರು. ನನ್ನ ಠೇವಣಿ ಕೊಡಿ ಅಂದ ಫ್ಲೇರ್. ಕೊಡಲಿಲ್ಲ. ಬೆಲ್ಟಿನ ಸಮೇತ ಎದುರಾಳಿ ವಿನ್ಸ್ ಮೆಕ್‌ಮಹನ್‌ನ ಟೀವಿಗೆ ಹೋಗಿ, ನಿಜವಾದ ವಿಶ್ವ ಚಾಂಪಿಯನ್ ನಾನೇ ಎಂದು ಕೂತ. ವ್ಯವಹಾರ ಕೋರ್ಟಿಗೆ ಹೋಗಿ, ಕೊನೆಗೆ ಅವನ ಕೈಯಲ್ಲಿದ್ದುದನ್ನು ಪರದೆಯ ಮೇಲೆ ಮಸುಕು ಮಾಡಿ ತೋರಿಸತೊಡಗಿದರು. ನಮ್ಮ ಬೀದಿಯಲ್ಲಿ ಅದನ್ನು ಕಂಡ ಒಬ್ಬ ಅಜ್ಜಿ "ಥೂ, ಮಕ್ಕಳು ನೋಡುವಂಥದ್ದಲ್ಲ" ಎಂದು ಎದ್ದುಹೋದರು.

ಬೆಲ್ಟು ಹೀಗೆ ಮನೆ ಬಿಟ್ಟು ಓಡಿಹೋಗುವುದನ್ನು ಕಣ್ಣಾರೆ ಕಂಡ ವಿನ್ಸ್, ಅದು ತನ್ನ ಮನೆಯಲ್ಲಾಗಬಾರದೆಂದು ನಿರ್ಧರಿಸಿದ್ದರೆ ಆಶ್ಚರ್ಯವಿಲ್ಲ. 1997ರ ನವೆಂಬರ್ 9, ಮಾಂಟ್ರಿಯಲ್. ಚಾಂಪಿಯನ್ ಬ್ರೆಟ್ ಹಾರ್ಟ್ ಎದುರಾಳಿ ಕಂಪನಿಗೆ ಹೊರಟಿದ್ದ. ಕೆನಡಾದಲ್ಲಿ ಅವನು ಬರೀ ಕುಸ್ತಿಪಟುವಲ್ಲ, ಹೆಚ್ಚುಕಡಿಮೆ ಬಾವುಟ. ನನ್ನ ನೆಲದಲ್ಲಿ, ನನಗಾಗದ ಶಾನ್ ಮೈಕಲ್ಸ್‌ಗೆ ಸೋಲಲಾರೆ, ಬೇರೆಲ್ಲಿ ಬೇಕಾದರೂ ಬೆಲ್ಟು ಬಿಟ್ಟುಕೊಡುತ್ತೇನೆ ಎಂದ. ಸರಿ, ಈ ಪಂದ್ಯ ಗಲಾಟೆಯಲ್ಲಿ ಮುಗಿಯಲಿ, ಗೆಲುವಿಲ್ಲ ಸೋಲಿಲ್ಲ ಎಂದು ವಿನ್ಸ್ ಒಪ್ಪಿದ. ರೆಫರಿ ಅರ್ಲ್ ಹೆಬ್ನರ್ ತನ್ನ ಮಕ್ಕಳಾಣೆ ಮೋಸವಾಗದೆಂದು ಬ್ರೆಟ್‌ಗೆ ಮಾತು ಕೊಟ್ಟ.

ಪಂದ್ಯದ ನಡುವೆ ಮೈಕಲ್ಸ್ ಬ್ರೆಟ್‌ನದೇ ಪಟ್ಟನ್ನು ಬ್ರೆಟ್‌ನ ಮೇಲೆ ಹಾಕಿದ. ಕಾಲು ತಿರುಚಿಕೊಂಡು ಬ್ರೆಟ್ ಕವುಚಿ ಮಲಗಿದ್ದ. ಅದನ್ನು ಬಿಡಿಸಿಕೊಂಡು ಮುಂದುವರಿಯುವುದು ಇಬ್ಬರೂ ಮಾತಾಡಿಕೊಂಡದ್ದು. ಆ ಕ್ಷಣ ರಿಂಗಿನ ಪಕ್ಕ ನಿಂತಿದ್ದ ವಿನ್ಸ್ ಗಂಟೆಯವನ ಕಡೆ ತಿರುಗಿ ಬಾರಿಸು ಎಂದು ಅರಚಿದ. ಗಂಟೆ ಹೊಡೆಯಿತು. ಮಕ್ಕಳಾಣೆ ಹಾಕಿದವನು ರಿಂಗಿನಿಂದಿಳಿದು ಓಡಿದ. ಬ್ರೆಟ್ ಸೋತಿರಲಿಲ್ಲ, ಆದರೆ ಸೋತಿದ್ದ. ಅವನ ಮುಖವನ್ನು ಆ ಟೇಪಿನಲ್ಲಿ ನೋಡಬೇಕು. ಮೊದಲು ಅರ್ಥವಾಗುವುದಿಲ್ಲ. ಆಮೇಲೆ ಅರ್ಥವಾಗುತ್ತದೆ. ಆಮೇಲೆ ಹಗ್ಗದ ಆಚೆ ನಿಂತ ಯಜಮಾನನನ್ನು ಹುಡುಕಿ ಮುಖಕ್ಕೆ ಉಗುಳುತ್ತಾನೆ. ಗುರಿ ತಪ್ಪಲಿಲ್ಲ. ಅಂಗಳದಲ್ಲಿದ್ದ ಟೀವಿ ಮಾನಿಟರುಗಳನ್ನು ಒಡೆದುಹಾಕಿದ, ಒಳಗೆ ಹೋಗಿ ವಿನ್ಸ್‌ಗೆ ಒಂದು ಗುದ್ದಿದ. ಅದು ಬರೆದಿಟ್ಟ ಗುದ್ದಾಗಿರಲಿಲ್ಲ.

ದಶಕಗಳಿಂದ ಹುಸಿ ಪೆಟ್ಟು ತಿಂದವನಿಗೆ, ಹುಸಿ ಸೋಲು ಎಷ್ಟೋ ಸಲ ಸೋತವನಿಗೆ, ಇದೊಂದು ಸೋಲು ವರ್ಷಗಟ್ಟಲೆ ಆರದ ಗಾಯವಾಯಿತು. ನನಗೆ ಮೊದಲು ಇದು ಅತಿ ಅನ್ನಿಸಿತ್ತು. ಸಂಬಳ ಲಕ್ಷಾಂತರ, ಬೆಲ್ಟು ತಗಡು, ಸೋಲು ನಾಟಕದ್ದು, ಅಳುವುದೇಕೆ? ಈಗ ಹಾಗನ್ನಿಸುವುದಿಲ್ಲ. ಯಾರು ಯಾರನ್ನು ಸೋಲಿಸುತ್ತಾರೆಂಬುದು ಸುಳ್ಳಾಗಿದ್ದ ಲೋಕದಲ್ಲಿ ನಿಜವಾಗಿ ಉಳಿದದ್ದು ಒಂದೇ: ಕೋಣೆಯ ಬಾಗಿಲು ಹಾಕಿಕೊಂಡು ಕೊಟ್ಟ ಮಾತು. ಒಬ್ಬ ಇನ್ನೊಬ್ಬನನ್ನು ತಲೆಕೆಳಗಾಗಿ ಎತ್ತಿದಾಗ ಕತ್ತು ಉಳಿಯುವುದು ಆ ಮಾತಿನಿಂದಲೇ.

ಅಲ್ಲಿಂದಾಚೆ ಬೆಲ್ಟಿನ ಮರ್ಯಾದೆ ಬಹಳ ಅಗ್ಗವಾಯಿತು. 1999ರ ಜನವರಿ 4ರ ರಾತ್ರಿ ಎದುರಾಳಿ ಚಾನೆಲ್ಲಿನ ವೀಕ್ಷಕ ವಿವರಣೆಕಾರ, ಮೇಲಿನವರ ಅಪ್ಪಣೆಯಂತೆ, ಆ ಕಡೆ ನೋಡಬೇಡಿ, ಅದು ಮೊದಲೇ ಚಿತ್ರೀಕರಿಸಿದ್ದು, ಮಿಕ್ ಫೋಲಿ ಗೆಲ್ಲುತ್ತಾನೆ ಎಂದು ಗುಟ್ಟೊಡೆದು ಗೇಲಿ ಮಾಡಿದ. ಫೋಲಿ ಜರ್ಮನಿಯ ರಿಂಗಿನ ಹಗ್ಗಕ್ಕೆ ಸಿಕ್ಕಿ ಒಂದು ಕಿವಿಯ ಬಹುಭಾಗ ಕಳೆದುಕೊಂಡವನು, ಡೊಳ್ಳು ಹೊಟ್ಟೆಯವನು, ಯಾರೂ ಚಾಂಪಿಯನ್ ಎಂದುಕೊಳ್ಳದವನು. ಪಾಪ, ಅವನು ಗೆಲ್ಲುತ್ತಾನೆಯೇ? ಲಕ್ಷಗಟ್ಟಲೆ ಜನ ತಕ್ಷಣ ಆ ಕಡೆಗೇ ಚಾನೆಲ್ ತಿರುಗಿಸಿದರು. ಫಲಿತಾಂಶ ಗೊತ್ತಾದ ಮೇಲೆ ಜನ ನೋಡಲು ಓಡಿದ ಪಂದ್ಯ ಲೋಕದಲ್ಲಿ ಇನ್ನೊಂದಿಲ್ಲ. ಆ ಎದುರಾಳಿ ಕಂಪನಿ 2000ದ ಏಪ್ರಿಲ್‌ನಲ್ಲಿ ಡೇವಿಡ್ ಆರ್ಕೆಟ್ ಎಂಬ ಸಿನಿಮಾ ನಟನನ್ನು ವಿಶ್ವ ಚಾಂಪಿಯನ್ ಮಾಡಿತು. ಬೇಡ, ಜನ ಉಗಿಯುತ್ತಾರೆ ಎಂದು ನಟನೇ ಹೇಳಿದ. ಕೇಳಲಿಲ್ಲ. ಮುಂದಿನ ವರ್ಷ ಕಂಪನಿ ವಿನ್ಸ್‌ನ ಪಾಲಾಯಿತು. ಹೀಗೆ ಎಲ್ಲರನ್ನೂ ಗೆದ್ದ ವಿನ್ಸ್ ಒಂದು ಪಂದ್ಯವನ್ನು ಮಾತ್ರ ಯಾವ ಒಪ್ಪಂದವೂ ಇಲ್ಲದೆ ಶುದ್ಧವಾಗಿ ಸೋತ. ಎದುರಾಳಿ ಪಾಂಡಾ. ಡಬ್ಲ್ಯುಡಬ್ಲ್ಯುಎಫ್ ಎಂಬ ಹೆಸರು ನಮ್ಮದೆಂದು ವನ್ಯಜೀವಿ ಸಂಸ್ಥೆ ಲಂಡನ್ನಿನ ಕೋರ್ಟಿನಲ್ಲಿ ಗೆದ್ದು, 2002ರಲ್ಲಿ ಕಂಪನಿ ಹೆಸರು ಬದಲಾಯಿಸಬೇಕಾಯಿತು.

ಇತ್ತೀಚಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1977ರಲ್ಲಿ ಡಸ್ಟಿ ರೋಡ್ಸ್ ಇದೇ ಪಟ್ಟಕ್ಕಾಗಿ ಗಾರ್ಡನ್ನಿನಲ್ಲಿ ಗೆದ್ದೂ, ಎದುರಾಳಿ ರಿಂಗಿನ ಹೊರಗಿದ್ದನೆಂಬ ಕಾರಣಕ್ಕೆ ಬೆಲ್ಟು ಸಿಗಲಿಲ್ಲ. ಅವನ ಮಗ ಕೋಡಿ 2024ರಲ್ಲಿ ಗೆದ್ದಾಗ ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗುತ್ತ ಬಂದಿತ್ತು. 2025ರ ಏಪ್ರಿಲ್‌ನಲ್ಲಿ ಸೀನಾ ಹದಿನೇಳನೇ ಸಲ ವಿಶ್ವ ಚಾಂಪಿಯನ್ ಆಗಿ ಫ್ಲೇರ್‌ನ ಹದಿನಾರರ ದಾಖಲೆ ಮುರಿದ. ಹದಿನಾರೇ ಏಕೆ ಎಂದು ಕೇಳಬೇಡಿ. ಪರದೇಶಗಳಲ್ಲಿ ಸೋತು ಗೆದ್ದದ್ದನ್ನೆಲ್ಲ ಸೇರಿಸಿದರೆ ಇಪ್ಪತ್ತು ದಾಟುತ್ತದೆನ್ನುವವರಿದ್ದಾರೆ. 1979ರಲ್ಲಿ ಜಪಾನಿನ ಟೊಕುಶಿಮಾದಲ್ಲಿ ಆಂಟೊನಿಯೊ ಇನೊಕಿ ಡಬ್ಲ್ಯುಡಬ್ಲ್ಯುಎಫ್ ಪಟ್ಟ ಗೆದ್ದದ್ದನ್ನು ಸಾವಿರಾರು ಜನ ಕಣ್ಣಾರೆ ಕಂಡರು, ಕಂಪನಿಯ ಪಟ್ಟಿಯಲ್ಲಿ ಅವನ ಹೆಸರಿಲ್ಲ.

2007ರ ಜುಲೈನಲ್ಲಿ ಫ್ಲೇರ್‌ನ ಆ ಅಗಲ ಬೆಲ್ಟಿನ ರೂಪದ್ದೇ ಇನ್ನೊಂದು ವಿಶ್ವ ಪಟ್ಟಕ್ಕೆ ಇಪ್ಪತ್ತು ಜನ ಒಟ್ಟಿಗೆ ರಿಂಗಿಗಿಳಿದರು. ಗಾಯಗೊಂಡ ಚಾಂಪಿಯನ್ ಬಿಟ್ಟುಕೊಟ್ಟಿದ್ದ ಬೆಲ್ಟು, ಕೊನೆಗೆ ಉಳಿದವನಿಗೆ. ಉಳಿದದ್ದು ಗ್ರೇಟ್ ಖಲಿ, ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ. ಆ ಹೊತ್ತಿಗೆ ದೊಡ್ಡಪ್ಪನಿಗೆ ಮಂಡಿನೋವು, ಒಂದು ಕಣ್ಣಿಗೆ ಪೊರೆ ತೆಗೆಸಿಯಾಗಿತ್ತು. ಕುರ್ಚಿಯನ್ನು ನೇರವಾಗಿ ಟೀವಿಯ ಎದುರಿಗೇ ಹಾಕಿಕೊಂಡಿದ್ದರು, ಬೆನ್ನು ಹಾಕುವ ಶಿಷ್ಟಾಚಾರ ಬಿಟ್ಟು ವರ್ಷಗಳಾಗಿದ್ದವು. ಖಲಿ ಕೊನೆಯ ಇಬ್ಬರು ದೈತ್ಯರನ್ನು ಒಟ್ಟಿಗೇ ಹಗ್ಗದಾಚೆ ಎಸೆದ.

"ಚಿತ್ ಮಾಡ್ಲಿಲ್ವಲ್ಲೋ. ಆಚೆ ಎಸೆದ. ಇದಕ್ಕೆ ಬೆಲ್ಟು ಕೊಡ್ತಾರಾ?"

"ಕೊಡ್ತಾರೆ ದೊಡ್ಡಪ್ಪ."

"ಸೊಂಟಾನೇ ಬಗ್ಗಲ್ವಲ್ಲ ಅವನಿಗೆ. ಗರಡಿ ಹುಡುಗ ಅಲ್ಲ ಬಿಡು."

"ಊರಲ್ಲಿ ಕೂಲಿ ಮಾಡ್ತಿದ್ನಂತೆ, ಕಲ್ಲು ಒಡೀತಿದ್ನಂತೆ. ಆಮೇಲೆ ಪಂಜಾಬ್ ಪೊಲೀಸಿಗೆ ಸೇರ್ಕೊಂಡ."

ದೊಡ್ಡಪ್ಪ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಖಲಿ ಬೆಲ್ಟನ್ನು ಒಂದೇ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದ. ಅವನ ಅಂಗೈಯ ಎದುರು ಅದು ಗಡಿಯಾರದ ಪಟ್ಟಿಯಷ್ಟೇ ಕಾಣುತ್ತಿತ್ತು.

"ಕಲ್ಲು ಒಡೀತಿದ್ನಾ? ಹಂಗಾದ್ರೆ ಗೆಲ್ಲಿಸ್ಲಿ ಬಿಡು" ಎಂದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ನೋಡಿ, ದೊಡ್ಡಮ್ಮನಿಗೆ ಕೇಳಿಸದ ಹಾಗೆ ದನಿ ಇಳಿಸಿ, "ನಾಳೆ ಮಧ್ಯಾಹ್ನ ಇದನ್ನೇ ಇನ್ನೊಂದ್ಸಲ ಹಾಕ್ತಾರಲ್ಲ, ಎಷ್ಟು ಗಂಟೆಗೋ?" ಎಂದು ಕೇಳಿದರು.